ಉದ್ದಿಮೆ ತಂತ್ರಾಂಶ: ಹೂಡಿದ ಹಣಕ್ಕೆ ಫಲ ಬಾರದಿರುವುದು

ಒಂದು ಸಂಸ್ಥೆಯ ಲೆಕ್ಕಪತ್ರ, ದಾಸ್ತಾನು, ಖರೀದಿ, ಮಾರಾಟ, ಸಂಬಳ, ಸಾಲ, ವಸೂಲಿ ಎಲ್ಲವೂ ಒಂದೇ ಮಾಹಿತಿ ಭಂಡಾರದ ಮೇಲೆ ನಡೆಯುವಂತೆ ಮಾಡುವ ತಂತ್ರಾಂಶವನ್ನು ಉದ್ದಿಮೆ ತಂತ್ರಾಂಶ ಎನ್ನುತ್ತಾರೆ. ಕಾರ್ಖಾನೆಗಳ ಇಆರ್‌ಪಿ, ಬ್ಯಾಂಕುಗಳ ಕೋರ್ ಬ್ಯಾಂಕಿಂಗ್, ಸರ್ಕಾರದ ಭೂದಾಖಲೆ ಮತ್ತು ಖಜಾನೆ ವ್ಯವಸ್ಥೆಗಳು, ದೊಡ್ಡ ಆಸ್ಪತ್ರೆಗಳ ದಾಖಲಾತಿ ವ್ಯವಸ್ಥೆ ಈ ಜಾತಿಗೆ ಸೇರಿದವು. ಇಂಥದಕ್ಕೆ ಹಣ ಹಾಕುವವರು ಕೆಲಸ ಬೇಗ ಆಗುತ್ತದೆ, ಸೋರಿಕೆ ನಿಲ್ಲುತ್ತದೆ, ಗೋದಾಮಿನಲ್ಲಿ ಕೊಳೆಯುವ ಸರಕು ಕಡಿಮೆಯಾಗುತ್ತದೆ, ಗಿರಾಕಿ ಕಾಯಬೇಕಾಗುವುದಿಲ್ಲ ಎಂದು ನಂಬಿರುತ್ತಾರೆ. ಬಹಳ ಕಡೆ ಯಂತ್ರ ಬರುತ್ತದೆ, ಉದ್ಘಾಟನೆಯೂ ಆಗುತ್ತದೆ, ನಂಬಿದ ಫಲ ಮಾತ್ರ ಬರುವುದಿಲ್ಲ. ಅದಕ್ಕೆ ಕಾರಣಗಳನ್ನು ಇಲ್ಲಿ ಮುಖ್ಯವಾಗಿ ಕರ್ನಾಟಕದ, ಅದರಲ್ಲೂ ಕರಾವಳಿಯ ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ನಿದರ್ಶನಗಳೊಂದಿಗೆ ವಿವರಿಸಿದೆ.

ಹಿನ್ನೆಲೆ

ಜರ್ಮನಿಯಲ್ಲಿ ಐಬಿಎಂ ಬಿಟ್ಟು ಬಂದ ಐವರು ಎಂಜಿನಿಯರುಗಳು 1972ರಲ್ಲಿ ಸ್ಯಾಪ್ ಕಂಪನಿಯನ್ನು ಕಟ್ಟಿದರು. ಅದರ ಆರ್/3 ಎಂಬ ತಂತ್ರಾಂಶ 1992ರಲ್ಲಿ ಬಂತು. ಒಂದೊಂದು ವಿಭಾಗಕ್ಕೆ ಒಂದೊಂದು ಪ್ರೋಗ್ರಾಂ ಬರೆಸಿಕೊಳ್ಳುತ್ತಿದ್ದ ಕಂಪನಿಗಳಿಗೆ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ನಡೆಸುವ ಸಿದ್ಧ ತಂತ್ರಾಂಶ ಸಿಕ್ಕಿತು. 2000ನೇ ಇಸವಿ ಬಂದಾಗ ಹಳೆಯ ಪ್ರೋಗ್ರಾಂಗಳು ದಿನಾಂಕ ತಪ್ಪಿ ನಿಂತುಹೋದಾವು ಎಂಬ ಭಯವೂ ಈ ಮಾರಾಟಕ್ಕೆ ಒದಗಿಬಂತು. ಕರ್ನಾಟಕಕ್ಕೆ ಇದರಲ್ಲಿ ಎರಡು ಪಾತ್ರಗಳಿವೆ. ಇನ್ಫೋಸಿಸ್‌ನ ಫಿನಾಕಲ್ ದೇಶದ ಹಲವು ಬ್ಯಾಂಕುಗಳ ಬೆನ್ನೆಲುಬಾಯಿತು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಕಂಪನಿಯ ಟ್ಯಾಲಿ, ಬೆಂಗಳೂರಿನಿಂದ ಹೊರಟು ಸಣ್ಣಪುಟ್ಟ ಅಂಗಡಿಗಳ ಮೇಜಿನವರೆಗೂ ಬಂತು. ತಂತ್ರಾಂಶ ಮಾರುವ ನಾಡೂ ನಮ್ಮದೇ, ಕೊಂಡು ಕೈಸುಟ್ಟುಕೊಳ್ಳುವ ನಾಡೂ ನಮ್ಮದೇ ಆದ್ದರಿಂದ ಈ ವಿಷಯ ಕನ್ನಡದಲ್ಲಿ ಚರ್ಚೆಯಾಗಬೇಕಾದ ಅಗತ್ಯ ಹೆಚ್ಚು.

ಫಲ ಬಾರದಿರುವುದರಲ್ಲಿ ಎರಡು ಬಗೆ. ತಂತ್ರಾಂಶವೇ ಕೆಲಸ ಮಾಡದೆ ಕೈಕೊಡುವುದು ಒಂದು. ಇದು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಇನ್ನೊಂದು, ತಂತ್ರಾಂಶ ಸರಿಯಾಗಿಯೇ ಓಡುತ್ತಿದ್ದರೂ ಸಂಸ್ಥೆಯ ಕೆಲಸ ಮೊದಲಿದ್ದಂತೆಯೇ ಇರುವುದು. ಇದು ಸುದ್ದಿಯಾಗುವುದಿಲ್ಲ, ಲೆಕ್ಕ ಪರಿಶೋಧಕರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ನಷ್ಟದ ದೊಡ್ಡ ಪಾಲು ಇರುವುದು ಈ ಎರಡನೆಯದರಲ್ಲಿ.

ಭೂಮಿ: ಒಂದೇ ಕೆಲಸ, ಎರಡು ಪ್ರಯತ್ನ

ಕರ್ನಾಟಕದ ಭೂದಾಖಲೆಗಳ ಗಣಕೀಕರಣ ಈ ವಿಷಯಕ್ಕೆ ಅತ್ಯುತ್ತಮ ಪಾಠ. ಒಂದೇ ಕೆಲಸವನ್ನು ಒಂದೇ ಸರ್ಕಾರ ಎರಡು ಸಲ ಮಾಡಿತು. ಒಮ್ಮೆ ಫಲ ಬರಲಿಲ್ಲ, ಇನ್ನೊಮ್ಮೆ ಬಂತು.

ಮೊದಲ ಪ್ರಯತ್ನ 1991ರಲ್ಲಿ ಶುರುವಾಯಿತು, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಪಹಣಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿಸಲಾಯಿತು. ಆದರೆ ಪಹಣಿ ಬದಲಾಗುವ ಜಾಗ ತಾಲೂಕು. ಅಪ್ಪ ತೀರಿಕೊಂಡಾಗ ಮಕ್ಕಳ ಹೆಸರು ಏರಿಸುವುದು, ಕ್ರಯವಾದಾಗ ಖಾತೆ ಬದಲಾಯಿಸುವುದು, ಬ್ಯಾಂಕ್ ಸಾಲದ ಋಣ ನಮೂದಿಸುವುದು ಎಲ್ಲವೂ ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ಮತ್ತು ತಾಲೂಕು ಕಚೇರಿಯಲ್ಲಿ ಕೈಬರಹದಲ್ಲೇ ನಡೆಯುತ್ತಿತ್ತು. ಆ ತಾಲೂಕು ಕಚೇರಿಯಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಯೋಜನೆಯಲ್ಲಿ ಇರಲಿಲ್ಲ. ಹಾಗಾಗಿ ತುಂಬಿಸಿದ ಮಾಹಿತಿ ತುಂಬಿಸಿದ ದಿನಕ್ಕೇ ನಿಂತಿತು, ಹೊರಗೆ ಭೂಮಿ ಕೈಬದಲಾಗುತ್ತಲೇ ಹೋಯಿತು. ಅಚ್ಚಾಗಿ ಬಂದ ಪಹಣಿಯಲ್ಲಿ ತೀರಿಹೋದವರ ಹೆಸರೇ ಉಳಿದಿದ್ದರೆ ಅದನ್ನು ಯಾರು ನಂಬಬೇಕು? ಯಂತ್ರದಲ್ಲಾಗಲಿ ಪ್ರೋಗ್ರಾಮಿನಲ್ಲಾಗಲಿ ದೋಷ ಇರಲಿಲ್ಲ. ಎಲ್ಲಿ ದಾಖಲೆ ತಿದ್ದುಪಡಿಯಾಗುತ್ತದೋ ಅಲ್ಲಿಗೆ ಯಂತ್ರ ಹೋಗಿರಲಿಲ್ಲ, ಅಷ್ಟೆ.

2000ದ ಸುಮಾರಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಬಂದ ಭೂಮಿ ಯೋಜನೆ ಇದನ್ನು ತಿರುಗಿಸಿ ಹಾಕಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, 177 ತಾಲೂಕುಗಳು ಅದರ ವ್ಯಾಪ್ತಿ. ಕಂಪ್ಯೂಟರನ್ನು ತಾಲೂಕು ಕಚೇರಿಯಲ್ಲೇ ಇಟ್ಟರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ತಮಗೆ ಬೇಕಾದವರದನ್ನು ಮುಂದೆ, ಬೇಡದವರದನ್ನು ಕೆಳಗೆ ಇಡುವ ಅವಕಾಶವನ್ನು ತಂತ್ರಾಂಶ ಮುಚ್ಚಿತು. ತಿದ್ದಿದ ಅಧಿಕಾರಿ ಯಾರೆಂಬುದು ಬೆರಳಚ್ಚಿನಿಂದ ಗೊತ್ತಾಗುವಂತಾಯಿತು. 15 ರೂಪಾಯಿ ಕೊಟ್ಟು ಪಹಣಿಯ ಪ್ರತಿ ಪಡೆಯಬಹುದಾಯಿತು. ಇವೆಲ್ಲಕ್ಕಿಂತ ಮಿಗಿಲಾದ ನಿರ್ಧಾರ ಇನ್ನೊಂದಿತ್ತು: ಒಂದು ತಾಲೂಕಿನಲ್ಲಿ ಗಣಕೀಕೃತ ವ್ಯವಸ್ಥೆ ಜಾರಿಗೆ ಬಂದ ದಿನದಿಂದ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಘೋಷಿಸಿತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿದ್ದರಿಂದ ಎಲ್ಲರೂ ಮುಂದಕ್ಕೆ ನಡೆಯಬೇಕಾಯಿತು.

ಭೂಮಿ ಎಲ್ಲ ಸಮಸ್ಯೆಗಳನ್ನೂ ನಿವಾರಿಸಿತು ಎಂದಲ್ಲ. ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಅಧಿಕಾರ ತಾಲೂಕಿಗೆ ಕೇಂದ್ರೀಕೃತವಾಯಿತು, ದೊಡ್ಡ ಖರೀದಿದಾರರಿಗೆ ಭೂಮಿ ಹುಡುಕುವುದು ಸುಲಭವಾಯಿತು ಎಂದು ಬೆಂಗಳೂರು ಸುತ್ತಮುತ್ತ ಅಧ್ಯಯನ ಮಾಡಿದ ಸಂಶೋಧಕರು ಟೀಕಿಸಿದ್ದಾರೆ. ಆ ಟೀಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಫಲ ಯಾರಿಗೆ ಎಂಬ ಪ್ರಶ್ನೆ ಫಲ ಬಂತೇ ಎಂಬ ಪ್ರಶ್ನೆಯಷ್ಟೇ ಮುಖ್ಯ.

ಎರಡು ಪುಸ್ತಕಗಳ ಹೊರೆ

ಬ್ಯಾಂಕುಗಳ ಕಥೆ ಕರಾವಳಿಯವರಿಗೆ ಮನೆಯ ಕಥೆಯಿದ್ದಂತೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಚಿಲ್ಲರೆ ಹಣ ಸಂಗ್ರಹಿಸುತ್ತಿದ್ದರು. ಆ ಚಿಲ್ಲರೆಯ ಒಂದೊಂದು ಜಮೆಯನ್ನೂ ಖಾತೆ ಪುಸ್ತಕಕ್ಕೆ ಏರಿಸುವ ಗುಮಾಸ್ತರ ಶ್ರಮ ಅಗಾಧವಾಗಿತ್ತು. ಯಂತ್ರ ಬರಬೇಕಾದ ಜಾಗ ಅದೇ.

ಯಂತ್ರ ಬಂತು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಯಾಂತ್ರೀಕರಣದ ಒಪ್ಪಂದವಾಯಿತು, 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಕೆಲಸ ಹೋಗುತ್ತದೆ ಎಂಬ ನೌಕರರ ಆತಂಕ ಸಹಜವಾಗಿತ್ತು. ಆದರೆ ಆ ಹಂತದಲ್ಲಿ ಫಲ ಕಡಿಮೆಯಾಗಲು ವಿರೋಧಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ಯಂತ್ರ ಒಂದು ಮೇಜಿನ ಖಾತೆ ಪುಸ್ತಕವನ್ನು ಮಾತ್ರ ಬದಲಿಸಿತು. ವೋಚರ್ ಬರೆಯುವುದು, ಮೇಲಧಿಕಾರಿ ಪರಿಶೀಲಿಸುವುದು, ದಿನದ ಕೊನೆಗೆ ತಾಳೆ ನೋಡುವುದು, ಇನ್ನೊಂದು ಶಾಖೆಗೆ ಅಂಚೆಯಲ್ಲಿ ಸಲಹಾ ಚೀಟಿ ಕಳಿಸುವುದು ಇವು ಹಿಂದಿನಂತೆಯೇ ಉಳಿದವು. ಶಾಖೆಗಳೆಲ್ಲ ಒಂದೇ ಭಂಡಾರಕ್ಕೆ ಸೇರಿ, ಬ್ರಹ್ಮಾವರದಲ್ಲಿ ಖಾತೆಯಿದ್ದವರು ಮುಂಬೈಯಲ್ಲಿ ಹಣ ತೆಗೆಯುವಂತಾದದ್ದು ಕೋರ್ ಬ್ಯಾಂಕಿಂಗ್ ಬಂದ ಮೇಲೆ. ಮುಂಬೈಯ ಹೋಟೆಲುಗಳಿಂದ ಊರಿಗೆ ಹಣ ಕಳಿಸುವ ಈ ಸೀಮೆಯ ಸಾವಿರಾರು ಕುಟುಂಬಗಳಿಗೆ ಗಣಕೀಕರಣದ ನಿಜವಾದ ಫಲ ಸಿಕ್ಕಿದ್ದು ಆಗ.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಇದೇ ಸಂಗತಿಯನ್ನು ದೇಶದ ಮಟ್ಟದಲ್ಲಿ ಗುರುತಿಸಿದ್ದರು: ಕಂಪ್ಯೂಟರ್ ಎಲ್ಲೆಲ್ಲೂ ಕಾಣುತ್ತಿದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುತ್ತಿಲ್ಲ ಎಂಬುದು ಅವರ ಮಾತಿನ ತಿರುಳು. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಇದಕ್ಕೆ ವಿದ್ಯುತ್ತಿನ ಹೋಲಿಕೆ ಕೊಟ್ಟರು. 1880ರ ದಶಕದಲ್ಲೇ ವಿದ್ಯುತ್ ಕೇಂದ್ರಗಳು ಬಂದರೂ ಅಮೆರಿಕದ ಕಾರ್ಖಾನೆಗಳಿಗೆ ಅದರ ಪೂರ್ಣ ಲಾಭ ಸಿಕ್ಕಿದ್ದು 1920ರ ದಶಕದಲ್ಲಿ. ಮೊದಲು ಉಗಿಯಂತ್ರ ತೆಗೆದು ಅದರ ಜಾಗದಲ್ಲಿ ಒಂದು ದೊಡ್ಡ ಮೋಟಾರು ಕೂರಿಸಿದ್ದರು. ಯಂತ್ರಗಳಿಗೆ ಶಕ್ತಿ ಹಂಚುವ ಪಟ್ಟಿಗಳೂ ದಂಡಗಳೂ ಹಾಗೆಯೇ ಇದ್ದವು. ಪ್ರತಿ ಯಂತ್ರಕ್ಕೂ ಸಣ್ಣ ಮೋಟಾರು ಕೊಟ್ಟು ಕಾರ್ಖಾನೆಯ ಕಟ್ಟಡವನ್ನೇ ಬೇರೆ ರೀತಿ ಕಟ್ಟಿದ ಮೇಲೆ ಲಾಭ ಹರಿದುಬಂತು. ಕೆಲಸದ ವಿನ್ಯಾಸ ಹಳೆಯದೇ ಆಗಿದ್ದರೆ ಹೊಸ ಶಕ್ತಿಗೆ ಹರಿಯಲು ಕಾಲುವೆಯೇ ಇರುವುದಿಲ್ಲ.

ಸಿದ್ಧ ಅಚ್ಚು, ಊರಿನ ವಾಡಿಕೆ

ಸಿದ್ಧ ತಂತ್ರಾಂಶ ಎಂದರೆ ಒಂದು ಅಚ್ಚು. ಅದರೊಳಗೆ ವ್ಯಾಪಾರ ಹೀಗೇ ನಡೆಯುತ್ತದೆ ಎಂಬ ಊಹೆಗಳು ಕೂತಿರುತ್ತವೆ. ಸಂಸ್ಥೆಯ ವಾಡಿಕೆ ಆ ಊಹೆಗೆ ಹೊಂದದಿದ್ದರೆ ಎರಡೇ ದಾರಿ: ವಾಡಿಕೆಯನ್ನು ಬದಲಿಸಬೇಕು, ಇಲ್ಲವೇ ಅಚ್ಚನ್ನು ಕೊರೆಯಬೇಕು. ಜರ್ಮನಿಯ ದೊಡ್ಡ ದಿನಸಿ ಕಂಪನಿ ಲಿಡ್ಲ್ ಏಳು ವರ್ಷ ದುಡಿದು, ಸುಮಾರು 50 ಕೋಟಿ ಯೂರೋ ಖರ್ಚು ಮಾಡಿ, 2018ರಲ್ಲಿ ಸ್ಯಾಪ್ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ಎದ್ದ ತೊಡಕುಗಳಲ್ಲಿ ಒಂದು ಕೇಳಲು ಬಹಳ ಸಣ್ಣದು. ಲಿಡ್ಲ್ ತನ್ನ ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು, ತಂತ್ರಾಂಶವೋ ಅದನ್ನು ಮಾರುವ ಬೆಲೆಯಲ್ಲಿ ಲೆಕ್ಕ ಹಾಕುತ್ತಿತ್ತು. ಕಂಪನಿ ತನ್ನ ವಾಡಿಕೆಯನ್ನು ಬಿಡಲೊಪ್ಪಲಿಲ್ಲ, ಅಚ್ಚನ್ನು ಕೊರೆಯುತ್ತ ಹೋಯಿತು, ಕೊರೆದಷ್ಟೂ ತಂತ್ರಾಂಶ ಜಟಿಲವಾಯಿತು.

ಕುಂದಾಪುರ, ಬ್ರಹ್ಮಾವರದ ಗೇರುಬೀಜ ಕಾರ್ಖಾನೆಯನ್ನು ಇದೇ ದೃಷ್ಟಿಯಿಂದ ನೋಡಬಹುದು. ಕಚ್ಚಾ ಬೀಜ ಮೂಟೆಯಲ್ಲಿ ಬರುತ್ತದೆ. ಅಂಗಳದಲ್ಲಿ ಒಣಗಿಸುವಾಗ ತೂಕ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದು ಬೀಜ ಯಾವ ದೇಶದ್ದು, ಎಷ್ಟು ಹಸಿ ಎಂಬುದರ ಮೇಲೆ ನಿಂತಿದೆ. ಬೇಯಿಸಿ, ಒಡೆದು, ಸಿಪ್ಪೆ ತೆಗೆದ ಮೇಲೆ ತಿರುಳು ಮೂಲ ತೂಕದ ಸುಮಾರು ಕಾಲುಭಾಗ. ಅದನ್ನು ಡಬ್ಲ್ಯು 180, 210, 240, 320 ಎಂದು ದರ್ಜೆ ಮಾಡುತ್ತಾರೆ. ಈ ಸಂಖ್ಯೆ ಒಂದು ಪೌಂಡಿಗೆ ಎಷ್ಟು ತಿರುಳು ತೂಗುತ್ತದೆ ಎಂಬುದನ್ನು ಹೇಳುತ್ತದೆ. ಮೇಲೆ ಬೇಳೆ, ತುಂಡು, ನುಚ್ಚು ಬೇರೆ. ಒಂದೇ ಕಚ್ಚಾವಸ್ತುವಿನಿಂದ ಒಂದೇ ಉತ್ಪನ್ನ ಎಂದು ಊಹಿಸಿ ಬರೆದ ತಂತ್ರಾಂಶಕ್ಕೆ ಈ ಕೆಲಸ ತಲೆಕೆಳಗಾದ ಮರದಂತೆ ಕಾಣುತ್ತದೆ: ಇಲ್ಲಿ ಒಂದು ಮೂಟೆ ಹತ್ತಾರು ಸರಕಾಗಿ ಒಡೆಯುತ್ತದೆ, ಪ್ರಮಾಣ ದಿನಕ್ಕೊಂದು. ಒಣಗಿದ ತೂಕವನ್ನು ಎಲ್ಲಿ ನಮೂದಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ ಪರದೆಯ ಮೇಲಿನ ದಾಸ್ತಾನಿಗೂ ಗೋದಾಮಿನ ದಾಸ್ತಾನಿಗೂ ತಿಂಗಳೊಳಗೆ ಸಂಬಂಧ ತಪ್ಪುತ್ತದೆ. ಆಮೇಲೆ ಮೇಸ್ತ್ರಿ ತನ್ನ ಜೇಬಿನ ಪುಸ್ತಕವನ್ನೇ ನಂಬುತ್ತಾನೆ. ಯಜಮಾನರೂ ಅವನನ್ನೇ ಕೇಳುತ್ತಾರೆ.

ಭೂದಾಖಲೆಗೂ ಇದು ಅನ್ವಯಿಸುತ್ತದೆ. 1956ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಕರಾವಳಿಯಲ್ಲಿ ಕುಮ್ಕಿ ಎಂಬ ವಾಡಿಕೆಯ ಹಕ್ಕಿದೆ. ವರ್ಗ (ಖಾಸಗಿ ಪಟ್ಟಾ) ಜಮೀನಿನ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ, ಮೇವು ತರುವ ಸೌಲಭ್ಯ ಅದು. ಒಡೆತನವೂ ಅಲ್ಲದ, ಗೇಣಿಯೂ ಅಲ್ಲದ ಇಂಥ ಹಕ್ಕು ಇಡೀ ರಾಜ್ಯಕ್ಕೆಂದು ಮಾಡಿದ ನಮೂನೆಯ ಖಾನೆಗಳಲ್ಲಿ ಸಲೀಸಾಗಿ ಕೂರುವಂಥದಲ್ಲ.

ಇದಕ್ಕೆ ಎದುರಾಗಿ ಟ್ಯಾಲಿಯ ಯಶಸ್ಸನ್ನು ಇಡಬೇಕು. ಅದು ಲೆಕ್ಕ ಬರೆಯುವವರ ರೂಢಿಯನ್ನೇ ಹಿಡಿದು ನಡೆಯಿತು. ಕೀರ್ದಿ, ಖಾತೆ, ಅಢಾವೆ ಪತ್ರಿಕೆ ಗೊತ್ತಿದ್ದ ಗುಮಾಸ್ತರು ಕೆಲವೇ ವಾರಗಳಲ್ಲಿ ಅದನ್ನು ಕಲಿತರು. ದೊಡ್ಡ ಕಂಪನಿಯ ಎಲ್ಲ ಅಗತ್ಯಗಳಿಗೆ ಅದು ಸಾಲದಿರಬಹುದು. ಆದರೆ ಹಾಕಿದ ದುಡ್ಡಿಗೆ ಬಂದ ಫಲದ ಲೆಕ್ಕದಲ್ಲಿ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಟ್ಯಾಲಿ ಎಷ್ಟೋ ಕೋಟಿ ರೂಪಾಯಿಯ ಇಆರ್‌ಪಿಗಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ.

ಮಾಹಿತಿಯ ಮೈಲಿಗೆ

ಬ್ರಹ್ಮಾವರದ ಹತ್ತಿರ ಸಹಕಾರಿ ಸಕ್ಕರೆ ಕಾರ್ಖಾನೆಯೊಂದಿತ್ತು. ಅರೆಯುವ ಯಂತ್ರಗಳಿದ್ದವು, ಅದಕ್ಕೆ ಸಾಕಾಗುವಷ್ಟು ಕಬ್ಬು ಬರಲಿಲ್ಲ, ಕಾರ್ಖಾನೆ ನಿಂತು ವರ್ಷಗಳೇ ಆದವು. ತಂತ್ರಾಂಶಕ್ಕೆ ಕಬ್ಬು ಎಂದರೆ ಮಾಹಿತಿ. ಅದು ಸಾಲದೇ ಇದ್ದರೆ, ಇದ್ದರೂ ಕೊಳೆತಿದ್ದರೆ, ಯಂತ್ರ ಎಷ್ಟು ದೊಡ್ಡದಾಗಿದ್ದರೂ ವ್ಯರ್ಥ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ತೆಗೆದುಕೊಳ್ಳೋಣ. ಕುಂದಾಪುರ ತಾಲೂಕಿನ ಮೊಳಹಳ್ಳಿಯ ಹೆಸರನ್ನು ಹೊತ್ತ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ ಮೇಲೆ ಈ ಚಳವಳಿ ಕರಾವಳಿಯ ಹಳ್ಳಿಹಳ್ಳಿಗೂ ಹರಡಿತು. ಇವತ್ತು ಇಲ್ಲಿನ ಒಂದು ಸಂಘ ಬೆಳೆಸಾಲ ಕೊಡುತ್ತದೆ, ಚಿನ್ನ ಅಡವಿಟ್ಟುಕೊಳ್ಳುತ್ತದೆ, ಪಿಗ್ಮಿ ಸಂಗ್ರಹಿಸುತ್ತದೆ, ಗೊಬ್ಬರ ಮಾರುತ್ತದೆ, ಪಡಿತರ ಹಂಚುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಇಂಥ ಸಂಘಗಳನ್ನು ಒಂದೇ ರಾಷ್ಟ್ರೀಯ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾರಿ ಮಾಡುವ ಹೊಣೆ ನಬಾರ್ಡಿನದು. ಸರಾಸರಿ ನೋಡಿದರೆ ಒಂದು ಸಂಘಕ್ಕೆ ಸುಮಾರು 4 ಲಕ್ಷ ರೂಪಾಯಿ.

ಈ ಹಣದಲ್ಲಿ ಕೊಳ್ಳಬಹುದಾದ ವಸ್ತುಗಳು ಕಷ್ಟದ ಭಾಗವಲ್ಲ. ಕಷ್ಟ ಇರುವುದು ಹಳೆಯ ಬಾಕಿಗಳನ್ನು ಹೊಸ ವ್ಯವಸ್ಥೆಗೆ ತರುವುದರಲ್ಲಿ. ಒಬ್ಬರೇ ಸದಸ್ಯರು ಷೇರು ಪುಸ್ತಕದಲ್ಲಿ ಒಂದು ಹೆಸರಿನಲ್ಲಿ, ಸಾಲದ ಖಾತೆಯಲ್ಲಿ ಇನ್ನೊಂದು ಹೆಸರಿನಲ್ಲಿ, ಆಧಾರ್ ಚೀಟಿಯಲ್ಲಿ ಮತ್ತೊಂದು ಹೆಸರಿನಲ್ಲಿ ಇರುತ್ತಾರೆ. ಇನಿಷಿಯಲ್ ಮುಂದೆ ಒಂದೆಡೆ, ಹಿಂದೆ ಒಂದೆಡೆ. ಶೆಟ್ಟಿ, ಪೂಜಾರಿ, ಆಚಾರ್ಯ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಒಬ್ಬೊಬ್ಬ ಗುಮಾಸ್ತರದು ಒಂದೊಂದು ಕ್ರಮ. ತೀರಿಹೋದವರ ಷೇರು ವಾರಸುದಾರರ ಹೆಸರಿಗೆ ಬಂದಿರುವುದಿಲ್ಲ. ಕೈಪುಸ್ತಕದಲ್ಲಿ ಇವೆಲ್ಲ ಅಡ್ಡಿಯಾಗಿರಲಿಲ್ಲ, ಏಕೆಂದರೆ ಯಾರು ಯಾರೆಂದು ಕಾರ್ಯದರ್ಶಿಗಳಿಗೆ ಮುಖ ನೋಡಿದರೆ ಗೊತ್ತು. ಆ ತಿಳುವಳಿಕೆ ತಲೆಯಲ್ಲಿರುವುದೇ ಹೊರತು ಪುಸ್ತಕದಲ್ಲಿಲ್ಲ. ತಂತ್ರಾಂಶ ಪುಸ್ತಕವನ್ನಷ್ಟೇ ಓದುತ್ತದೆ. 2018ರ ರಾಜ್ಯದ ಬೆಳೆಸಾಲ ಮನ್ನಾದಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ ಮೂರನ್ನೂ ಜೋಡಿಸಿ ಅರ್ಹರನ್ನು ಗುರುತಿಸಲು ಹೊರಟಾಗ ಹೆಸರುಗಳ ಈ ಅಸ್ತವ್ಯಸ್ತತೆ ರೈತರ ಅನುಭವಕ್ಕೆ ಬಂತು.

ಈ ಸೀಮೆಯ ವಿಳಾಸಗಳಿಗೆ ಇನ್ನೂ ಒಂದು ಪೇಚಿದೆ. 1997ರವರೆಗೆ ಬ್ರಹ್ಮಾವರದ ಒಂದು ಗದ್ದೆ ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ತಾಲೂಕು. ಆ ವರ್ಷ ಆಗಸ್ಟಿನಲ್ಲಿ ಉಡುಪಿ ಜಿಲ್ಲೆಯಾಯಿತು. 2018ರಲ್ಲಿ ಬ್ರಹ್ಮಾವರವೇ ತಾಲೂಕಾಯಿತು. ಕುಂದಾಪುರದಿಂದ ಬೈಂದೂರೂ ಬೇರೆಯಾಯಿತು. ಗದ್ದೆ ಇದ್ದಲ್ಲೇ ಇದೆ, ಅದರ ವಿಳಾಸ ಎರಡು ಸಲ ಬದಲಾಯಿತು. ತಾಲೂಕು ಎಂಬ ಖಾನೆ ಇರುವ ಪ್ರತಿಯೊಂದು ತಂತ್ರಾಂಶದಲ್ಲೂ ಆ ಪಟ್ಟಿ ತಿದ್ದಬೇಕು, ಹಳೆಯ ಸಾಲಪತ್ರಗಳನ್ನು ಹೊಸ ಸಂಕೇತಕ್ಕೆ ಜೋಡಿಸಬೇಕು. ತಂತ್ರಾಂಶ ಕೊಳ್ಳುವಾಗ ಇಂಥ ತಿದ್ದುಪಡಿಗೆ ಹಣ ಎತ್ತಿಡುವ ಆಡಳಿತ ಮಂಡಳಿ ಅಪರೂಪ. ದೊಡ್ಡ ಸಿದ್ಧ ತಂತ್ರಾಂಶಗಳಲ್ಲಿ ವಾರ್ಷಿಕ ನಿರ್ವಹಣೆಗೇ ಸಾಮಾನ್ಯವಾಗಿ ಪರವಾನಗಿ ಬೆಲೆಯ ಐದನೇ ಒಂದು ಭಾಗದ ಆಸುಪಾಸು ಕೊಡಬೇಕಾಗುತ್ತದೆ. ಕೊಂಡ ದಿನದ ಬೆಲೆಯನ್ನಷ್ಟೇ ನೋಡಿದವರಿಗೆ ಐದಾರು ವರ್ಷದಲ್ಲಿ ಅಷ್ಟೇ ಹಣ ಮತ್ತೊಮ್ಮೆ ಹೋಗಿರುವುದು ತಡವಾಗಿ ಕಾಣುತ್ತದೆ.

ಹೊತ್ತು, ಅವಸರ, ಅಳತೆ

ಅಮೆರಿಕದ ಚಾಕಲೇಟ್ ಕಂಪನಿ ಹರ್ಷೀಸ್ 1999ರ ಜುಲೈಯಲ್ಲಿ ಮೂರು ಹೊಸ ತಂತ್ರಾಂಶಗಳನ್ನು ಒಟ್ಟಿಗೇ ಚಾಲೂ ಮಾಡಿತು. ಖರ್ಚು 11.2 ಕೋಟಿ ಡಾಲರ್. ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬಕ್ಕೆ ಅಂಗಡಿಗಳು ಮಾಲು ಕೇಳುವ ಹೊತ್ತು ಅದೇ. ಗೋದಾಮಿನಲ್ಲಿ ಚಾಕಲೇಟ್ ಇದ್ದೂ ಸುಮಾರು 10 ಕೋಟಿ ಡಾಲರಿನ ಬೇಡಿಕೆಗಳನ್ನು ಪೂರೈಸಲಾಗಲಿಲ್ಲ. ಔಷಧ ವಿತರಕ ಕಂಪನಿ ಫಾಕ್ಸ್‌ಮೇಯರ್‌ನ ಹಳೆಯ ಯಂತ್ರ ಒಂದು ರಾತ್ರಿಗೆ 4,20,000 ಬೇಡಿಕೆಗಳನ್ನು ನಿಭಾಯಿಸುತ್ತಿದ್ದರೆ ಹೊಸದು 10,000ಕ್ಕೇ ಸುಸ್ತಾಯಿತು. 1996ರಲ್ಲಿ ಕಂಪನಿ ದಿವಾಳಿ ಎದ್ದಿತು. ಈ ಎರಡರಲ್ಲೂ ಅವಸರ ಮುಖ್ಯ ಪಾತ್ರ ವಹಿಸಿತ್ತು. ಸಾಲ ನವೀಕರಣಕ್ಕೆ ಸಾಲುಗಟ್ಟುವ ಮಾರ್ಚ್ ತಿಂಗಳಲ್ಲಿ ಸಹಕಾರ ಸಂಘದ ತಂತ್ರಾಂಶ ಬದಲಿಸುವುದೂ, ಕೊಯ್ಲಿನ ಹೊತ್ತಿಗೆ ಎತ್ತು ಬದಲಿಸುವುದೂ ಒಂದೇ.

ಕೆಟ್ಟ ಆರಂಭವೇ ಅಂತಿಮ ತೀರ್ಪಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇನ್ಫೋಸಿಸ್ ಕಟ್ಟಿದ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ತೆರೆದುಕೊಂಡಿತು. ಸುಮಾರು 4,242 ಕೋಟಿ ರೂಪಾಯಿಯ ಯೋಜನೆ, ರಿಟರ್ನ್ ಸಂಸ್ಕರಣೆಯ ಅವಧಿಯನ್ನು 63 ದಿನದಿಂದ ಒಂದು ದಿನಕ್ಕಿಳಿಸುವ ಗುರಿ. ಮೊದಲ ತಿಂಗಳುಗಳಲ್ಲಿ ತೆರಿಗೆ ಸಲಹೆಗಾರರು ರಾತ್ರಿಯೆಲ್ಲ ಪರದೆಯ ಮುಂದೆ ಕೂತರೂ ಕೆಲಸ ಸಾಗಲಿಲ್ಲ. ಆಗಸ್ಟ್ 23ರಂದು ಹಣಕಾಸು ಸಚಿವಾಲಯ ಕಂಪನಿಯ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿತು. ಕೊನೆಯ ದಿನಾಂಕವನ್ನು ಡಿಸೆಂಬರ್ 31ಕ್ಕೆ ಮುಂದೂಡಲಾಯಿತು, ಅಷ್ಟರೊಳಗೆ ಸುಮಾರು 5.89 ಕೋಟಿ ರಿಟರ್ನ್‌ಗಳು ಸಲ್ಲಿಕೆಯಾದವು. ಸದ್ದು ಮಾಡಿದ ವೈಫಲ್ಯ ಹೀಗೆ ದುರಸ್ತಿಯಾಯಿತು. ಸದ್ದು ಮಾಡದವು ದುರಸ್ತಿಯಾಗದೆ ಉಳಿಯುತ್ತವೆ.

ಸಂಶೋಧಕರಾದ ಬೆಂಟ್ ಫ್ಲುವ್‌ಬ್ಯೋರ್ ಮತ್ತು ಅಲೆಕ್ಸಾಂಡರ್ ಬುಡ್ಜಿಯರ್ 2011ರಲ್ಲಿ 1,471 ಮಾಹಿತಿ ತಂತ್ರಜ್ಞಾನ ಯೋಜನೆಗಳನ್ನು ಪರಿಶೀಲಿಸಿದಾಗ ಸರಾಸರಿ ವೆಚ್ಚ ಅಂದಾಜಿಗಿಂತ ಶೇ. 27ರಷ್ಟು ಮಾತ್ರ ಮೀರಿತ್ತು. ಆದರೆ ಆರರಲ್ಲೊಂದು ಯೋಜನೆಯಲ್ಲಿ ವೆಚ್ಚ ಸರಾಸರಿ ಶೇ. 200ರಷ್ಟು ಮೀರಿತ್ತು. ಸರಾಸರಿಯನ್ನು ನಂಬಿ ಹೊರಟವರಿಗೆ ಕಾದಿರುವ ಅಪಾಯ ಇದು. ಇವೆಲ್ಲ ವೆಚ್ಚದ ಅಳತೆಗಳು. ಫಲದ ಅಳತೆ ಇನ್ನೂ ವಿರಳ, ಏಕೆಂದರೆ ತಂತ್ರಾಂಶ ಬರುವ ಮೊದಲು ಒಂದು ಸಾಲದ ಅರ್ಜಿಗೆ ಎಷ್ಟು ದಿನ ಹಿಡಿಯುತ್ತಿತ್ತು, ದಾಸ್ತಾನಿನಲ್ಲಿ ಎಷ್ಟು ವ್ಯತ್ಯಾಸ ಬರುತ್ತಿತ್ತು ಎಂಬುದನ್ನು ಬರೆದಿಟ್ಟವರು ಬಹಳ ಕಡಿಮೆ. ಮೊದಲಿನದು ಗೊತ್ತಿಲ್ಲದೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುವುದು?

ಅಳೆದು ನೋಡಿದ ಅಪರೂಪದ ಉದಾಹರಣೆ ಕರ್ನಾಟಕದಲ್ಲೇ ಇದೆ. ಎಪಿಎಂಸಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಗೆ ತರುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆ 2014ರಿಂದ ಇಲ್ಲಿ ಜಾರಿಗೆ ಬಂತು. ಅದರ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಭತ್ತದ ಬೆಲೆ ಶೇ. 5.1, ನೆಲಗಡಲೆ ಶೇ. 3.6, ಮೆಕ್ಕೆಜೋಳ ಶೇ. 3.5 ಹೆಚ್ಚಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಂದೇ ತಂತ್ರಾಂಶ, ಒಂದೇ ಸರ್ಕಾರ, ಒಂದೇ ನಿಯಮ; ಫಲ ಬೆಳೆಗೊಂದು ಬಗೆ. ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆ ಎಷ್ಟು ಗಟ್ಟಿ, ದೂರದ ಖರೀದಿದಾರರು ಮಾಲು ನೋಡದೆ ಬೆಲೆ ಕೂಗುವಷ್ಟು ಭರವಸೆ ಇದೆಯೇ, ಸಾಗಣೆ ಹೇಗೆ ಎಂಬ ಹೊರಗಿನ ಸಂಗತಿಗಳು ಪರದೆಯೊಳಗಿನ ಬೆಲೆಯನ್ನು ನಿರ್ಧರಿಸುತ್ತವೆ.

ಬಳಸುವವರು

ತಂತ್ರಾಂಶ ಬಂದಾಗ ಯಾರೋ ಒಬ್ಬರ ಹಿಡಿತ ಸಡಿಲವಾಗುತ್ತದೆ. ಬಾಕಿಪಟ್ಟಿ ಯಾರ ಬಳಿ ಇತ್ತೋ, ಗೋದಾಮಿನ ಬೀಗದ ಕೈ ಯಾರಲ್ಲಿತ್ತೋ ಅವರಿಗೆ ಹೊಸ ವ್ಯವಸ್ಥೆ ಲಾಭವೇನೂ ತರುವುದಿಲ್ಲ, ಕೆಲಸ ಮಾತ್ರ ಹೆಚ್ಚಿಸುತ್ತದೆ. ಇನ್ನೊಂದೆಡೆ ಮಾಹಿತಿ ತುಂಬುವ ಕೆಲಸ ಸಂಸ್ಥೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರ ತಲೆಗೆ ಬೀಳುತ್ತದೆ. ಅದರಿಂದ ಬರುವ ವರದಿ ನೋಡುವವರು ಮೇಲಿನವರು. ತುಂಬುವವರಿಗೆ ಅದರಿಂದ ಏನು ಉಪಯೋಗ ಎಂದು ಯಾರೂ ಹೇಳದಿದ್ದರೆ ಅವರು ಖಾನೆ ಖಾಲಿ ಬಿಡಬಾರದೆಂದು ಏನಾದರೊಂದು ತುಂಬುತ್ತಾರೆ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಎರಡು ದಿನದ ತರಬೇತಿ ಕೊಟ್ಟು, ಇಂಗ್ಲಿಷಿನ ಪರದೆ ಮುಂದಿಟ್ಟು, ದಿನದ ವ್ಯವಹಾರವೂ ನಿಲ್ಲಬಾರದು ಎಂದರೆ ಮನುಷ್ಯರು ಮಾಡಬಹುದಾದದ್ದು ಅಷ್ಟೇ. ಹಣದ ಹಂಚಿಕೆಯಲ್ಲಿ ತರಬೇತಿಗೆ ಉಳಿಯುವುದು ಕೊನೆಯ ಚಿಲ್ಲರೆ. ಫಲ ಕೆಟ್ಟಾಗ ದೂರು ಬರುವುದು ಮಾತ್ರ ಮೊದಲು ಅವರ ಮೇಲೆ. ಕನ್ನಡದಲ್ಲಿ ಪರದೆ, ಕನ್ನಡದಲ್ಲಿ ಕೈಪಿಡಿ, ತೊಡಕು ಬಂದಾಗ ಫೋನೆತ್ತಿ ಕನ್ನಡದಲ್ಲಿ ಉತ್ತರಿಸುವ ಒಬ್ಬರು, ಇವು ಮೂರೂ ಇದ್ದಿದ್ದರೆ ಎಷ್ಟೋ ಹೂಡಿಕೆಗಳು ಉಳಿಯುತ್ತಿದ್ದವು.

ಪಾವತಿಯ ಕ್ರಮವೂ ಇದಕ್ಕೆ ತಳುಕು ಹಾಕಿಕೊಂಡಿದೆ. ಟೆಂಡರಿನಲ್ಲಿ ಕಡಿಮೆ ದರ ಕೂಗಿದವರಿಗೆ ಕೆಲಸ ಹೋಗುತ್ತದೆ, ಯಂತ್ರ ತಲುಪಿಸಿದಾಗ ಒಂದು ಕಂತು, ತಂತ್ರಾಂಶ ಅಳವಡಿಸಿದಾಗ ಇನ್ನೊಂದು ಕಂತು. ಜನ ಬಳಸಿದಾಗ, ಕೆಲಸ ಬೇಗ ಆದಾಗ ಕೊಡುವ ಕಂತು ಕರಾರಿನಲ್ಲಿ ಇರುವುದು ವಿರಳ. ಮಾರಾಟಗಾರರ ಗಮನ ಹಣ ಬರುವ ಕಡೆಗೇ ಹರಿಯುತ್ತದೆ.

ವಿಲೀನದ ಕಾಲ

2019ರ ಆಗಸ್ಟ್ 30ರಂದು ಸರ್ಕಾರಿ ಬ್ಯಾಂಕುಗಳ ವಿಲೀನ ಘೋಷಣೆಯಾದಾಗ ಕೆನರಾ ಮತ್ತು ಸಿಂಡಿಕೇಟ್ ಎರಡರಲ್ಲೂ ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ತಂತ್ರಾಂಶ ಇರುವುದನ್ನು ಅನುಕೂಲವೆಂದು ಸರ್ಕಾರ ಎತ್ತಿ ತೋರಿಸಿತ್ತು. ಯೂನಿಯನ್ ಬ್ಯಾಂಕಿಗೆ ಸೇರಿದ ಕಾರ್ಪೊರೇಷನ್ ಬ್ಯಾಂಕಿನ ವಿಷಯದಲ್ಲೂ ಹಾಗೆಯೇ. ವಿಲೀನ 2020ರ ಏಪ್ರಿಲ್ 1ರಂದು ಜಾರಿಗೆ ಬಂತು. ಒಂದೇ ತಂತ್ರಾಂಶವಿದ್ದರೂ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ರದ್ದಾದದ್ದು 2021ರ ಜುಲೈ 1ರಂದು, ಅಂದರೆ ಹದಿನೈದು ತಿಂಗಳ ಮೇಲೆ. ಸಂಬಳ, ಪಿಂಚಣಿ, ಗ್ಯಾಸ್ ಸಹಾಯಧನ, ವಿಮೆಯ ಕಂತು ಎಲ್ಲೆಲ್ಲಿ ಹಳೆಯ ಸಂಕೇತ ಬರೆದುಕೊಟ್ಟಿದ್ದರೋ ಅಲ್ಲೆಲ್ಲ ಖಾತೆದಾರರೇ ಹೋಗಿ ಬದಲಾಯಿಸಬೇಕಾಯಿತು. ತಂತ್ರಾಂಶ ಒಂದಾಗುವುದು ಬೇರೆ, ಅದರ ಸುತ್ತ ಹೆಣೆದುಕೊಂಡ ಬದುಕು ಒಂದಾಗುವುದು ಬೇರೆ.

ಸಹಕಾರ ಸಂಘಗಳ ಮುಂದೆ ಈಗ ಇರುವುದು ಇದೇ ಹಂತ. ಕರಾವಳಿಯ ಹಲವು ಸಂಘಗಳು ರಾಷ್ಟ್ರೀಯ ಯೋಜನೆಗೆ ಮೊದಲೇ ತಮ್ಮ ಖರ್ಚಿನಲ್ಲಿ ತಂತ್ರಾಂಶ ಹಾಕಿಸಿಕೊಂಡಿದ್ದವು. ಅವು ಸೊನ್ನೆಯಿಂದ ಶುರುಮಾಡುವುದಿಲ್ಲ, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟಬೇಕು. ದಾಟುವಾಗ ಸ್ವಲ್ಪ ಕಾಲ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ ತಾಳೆ ನೋಡುವುದು ಸರಿಯಾದ ಕ್ರಮ. ಆದರೆ ಆ ಕಾಲಕ್ಕೆ ಕೊನೆ ಬೇಕು. ಕೈಪುಸ್ತಕ, ಹಳೆಯ ತಂತ್ರಾಂಶ, ಹೊಸ ತಂತ್ರಾಂಶ ಮೂರನ್ನೂ ವರ್ಷಗಟ್ಟಲೆ ಬರೆಯುವ ಸಂಘದಲ್ಲಿ ಸಿಬ್ಬಂದಿಯ ದುಡಿಮೆ ಮೂರುಪಟ್ಟಾಗುತ್ತದೆ, ಸದಸ್ಯರಿಗೆ ಮಾತ್ರ ಮೊದಲಿನಷ್ಟೇ ಕಾಯುವುದು ಉಳಿಯುತ್ತದೆ. ಕೈಬರಹ ನಿಲ್ಲುವ ದಿನವನ್ನು ಭೂಮಿ ಯೋಜನೆಯಲ್ಲಿ ಸರ್ಕಾರವೇ ನಿಗದಿ ಮಾಡಿತ್ತು. ಸಂಘಗಳಲ್ಲಿ ಆ ದಿನಾಂಕವನ್ನು ಗೊತ್ತುಮಾಡಿ, ಸದಸ್ಯರೆದುರು ಮಹಾಸಭೆಯಲ್ಲಿ ಓದಿಹೇಳಬೇಕಾದವರು ಆಡಳಿತ ಮಂಡಳಿಯವರು.